ಅಳತೆಗಾರ ರಾಧಾನಾಥ ಸಿಕ್ದಾರರು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಎವರೆಸ್ಟ್ ಶಿಖರದ ಎತ್ತರ ೨೯,೦೦೨ ಅಡಿ ಎಂಬ ಲೆಕ್ಕದೊಡನೆ ರಾಧಾನಾಥ ಸಿಕ್ದಾರರ ಹೆಸರು ಕೇಳಿದವರು ನಮ್ಮಲ್ಲಿ ಕೆಲವರಾದರೂ ಇದ್ದೀರಿ. ನಾವು ಇಂದು ಅವರನ್ನು ನೆನೆಯುವುದು ಬೇರೆ ಕಾರಣಕ್ಕೆ.

೧೮೩೧ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ತಿಂಗಳಿಗೆ ೩೦ ರೂಪಾಯಿ ಸಂಬಳಕ್ಕೆ ಆ ಬಂಗಾಳಿ ಹುಡುಗ ಕಂಪೆನಿ ಸರ್ಕಾರದ ಸರ್ವೇ ಇಲಾಖೆ ಸೇರಿದರು. ೧೮೪೩ರಲ್ಲಿ ಡೆಹರಾಡೂನಿನಲ್ಲಿದ್ದರು. ಅಲ್ಲಿಯ ಬಿಳಿಯ ಮ್ಯಾಜಿಸ್ಟ್ರೇಟ್ ಸರ್ವೇ ಕೂಲಿಗಳ ತಲೆಯ ಮೇಲೆ ತನ್ನ ಗಂಟುಮೂಟೆ ಹೊರಿಸಿದ. ಕೂಲಿಯ ಮಾತಿಲ್ಲ. ಬಿಟ್ಟಿ ಬೇಗಾರಿ ಎಂದರೇನೆಂದು ಅಜ್ಜಂದಿರ ಬಾಯಲ್ಲಿ ಕೇಳಿದ ನಮಗೆ ವಿವರಿಸಬೇಕೆ? ರಾಧಾನಾಥರು ಹೊರೆಯನ್ನು ತಡೆದು ನಿಲ್ಲಿಸಿದರು. ಮೂಟೆ ಇದ್ದದ್ದು ಅವರ ತಲೆಯ ಮೇಲಲ್ಲ. ಲೆಕ್ಕದ ಮೇಜಿನ ನೌಕರರು, ಸುಮ್ಮನಿರಬಹುದಿತ್ತು. ಮೊಕದ್ದಮೆ ನಡೆದು ೨೦೦ ರೂಪಾಯಿ ದಂಡ ಬಿತ್ತು. ಸೇರಿದಾಗಿನ ಸಂಬಳದಲ್ಲಿ ಎಣಿಸಿದರೆ ಆರು ತಿಂಗಳ ದುಡಿಮೆಗೂ ಮಿಗಿಲು.

ಕಿರಿಯರಿಗೆ ಅವರು ಕಸಬಿನ ಗುರುಗಳೂ ಆದರು. ೧೮೫೧ರ ಸರ್ವೇ ಕೈಪಿಡಿಯಲ್ಲಿ ಗಣಿತದ ಗಟ್ಟಿ ಭಾಗಗಳು ಅವರವೇ. ಸಂಪಾದಕರಾದ ಬಿಳಿಯ ಅಧಿಕಾರಿಗಳು ಮುನ್ನುಡಿಯಲ್ಲಿ ಹಾಗೆಂದು ಒಪ್ಪಿದ್ದರು. ರಾಧಾನಾಥರು ೧೮೭೦ರಲ್ಲಿ ತೀರಿಕೊಂಡರು. ೧೮೭೫ರಲ್ಲಿ ಮೂರನೆಯ ಆವೃತ್ತಿ ಬಂತು. ಬರಹ ಉಳಿಯಿತು, ಹೆಸರು ಹೋಯಿತು! ಮಗ್ಗ ನಡೆಸಲು ಕಲಿಸಿದ ಹಿರಿಯನ ಹೆಸರನ್ನು ಮಿಲ್ಲಿನ ಲೆಕ್ಕದ ಪುಸ್ತಕ ಬರೆದುಕೊಂಡೀತೆ, ಹಾಗೆಯೇ ಇದೂ ಎನ್ನುತ್ತೀರಿ. ಆದರೆ ಇಲ್ಲಿ ಬರೆದದ್ದನ್ನೇ ಅಳಿಸಿದರು.

ಸತ್ತವರ ಪರವಾಗಿ ಕೇಳಿದವರೊಬ್ಬರಿದ್ದರು. ಅದೇ ಇಲಾಖೆಯ ಬಿಳಿಯ ಅಧಿಕಾರಿ ಮ್ಯಾಕ್‌ಡೊನಾಲ್ಡ್ ೧೮೭೬ರಲ್ಲಿ ಪತ್ರಿಕೆಗೆ ಬರೆದು ಖಂಡಿಸಿದರು, ಶಿಕ್ಷೆಗೂ ಗುರಿಯಾದರು. ಮೊದಲ ಆವೃತ್ತಿಯ ಮುನ್ನುಡಿಯನ್ನು ಮಾತ್ರ ಯಾರೂ ತಿದ್ದಲಾಗಲಿಲ್ಲ. ಆ ಹೆಸರು ಅಲ್ಲಿ ಇಂದಿಗೂ ಇದೆ.