ಮಕ್ಕಳಲ್ಲಿ ಇಡತಕ್ಕ ನಿರೀಕ್ಷೆ



ಮಕ್ಕಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುವುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಈ ಸೀಮೆಯಲ್ಲಿ ತೋಟದ ಕೆಲಸವನ್ನರಿಯದವರು ವಿರಳ; ಆದುದರಿಂದ ತೋಟದಿಂದಲೇ ಪ್ರಾರಂಭಿಸುವೆನು.

ಅರೇಬಿಕಾ ಕಾಫಿಯು ಎತ್ತರದ ತಂಪು ನೆಲವನ್ನು ಬಯಸುವುದು. ರೊಬಸ್ಟಾ ತಗ್ಗಿನಲ್ಲಿಯೂ ಹುಲುಸಾಗಿ ಬೆಳೆಯುವುದು. ಅಡಕೆಯ ಸಸಿಯು ಫಲಕ್ಕೆ ಬರಲು ಐದಾರು ವರ್ಷಗಳು ಬೇಕು. ಎರಡನೆಯ ವರ್ಷದಲ್ಲಿಯೇ ಹಿಂಗಾರ ಬಿಡಲಿಲ್ಲವೆಂದು ಸಸಿಯನ್ನು ಜರೆದ ರೈತನುಂಟೆ? ಬಾಳೆಹೊನ್ನೂರಿನ ಬಳಿ 1925ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರದ ಕಾರ್ಯದಲ್ಲಿಯೂ, ಯಾವ ತಳಿಯು ಯಾವ ನೆಲಕ್ಕೆ ಒಗ್ಗುವುದೆಂದು ತಾಳ್ಮೆಯಿಂದ ಪರೀಕ್ಷಿಸುವುದು ಮುಖ್ಯವಾದ ಭಾಗವಷ್ಟೆ. ಗಿಡದಲ್ಲಿ ತೋರುವ ಈ ವಿವೇಕವನ್ನು ನಾವು ಮಗುವಿನಲ್ಲಿ ಮರೆಯುತ್ತೇವೆ.

ಈ ಮರೆವಿಗೆ ದುರಾಶೆಯೊಂದೇ ಕಾರಣವೆನ್ನಲಾಗದು. ಅಡಕೆಯ ಹಳದಿ ಎಲೆ ರೋಗವು ಈ ಸೀಮೆಯ ಅನೇಕ ತೋಟಗಳನ್ನು ಕ್ಷೀಣಗೊಳಿಸಿರುವುದು. ತೋಟವು ಕೈಬಿಟ್ಟೀತೆಂಬ ಭಯದಿಂದ ತಂದೆಯು ಮನೆತನದ ಭಾರವನ್ನೆಲ್ಲ ಹದಿನೇಳು ವರ್ಷದ ಮಗನ ಹೆಗಲಿಗೆ ಹೊರಿಸುವನು. ಸಾಲ ಮಾಡಿ ಘಟ್ಟದ ಕೆಳಗಿನ ಕಾಲೇಜಿಗೆ ಕಳುಹಿಸುವನು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯ 720 ಅಂಕಗಳು ಒಂದೇ ದಿನದ ಪರೀಕ್ಷೆಯಿಂದ ನಿರ್ಣೀತವಾಗುವುವು. ಬರೆಯುವವರು ಲಕ್ಷಾಂತರ, ಸ್ಥಾನಗಳು ಪರಿಮಿತ. ಬಹುಸಂಖ್ಯೆಯವರಿಗೆ ಸ್ಥಾನ ದೊರೆಯದಿರುವುದು ಲೆಕ್ಕದ ನಿಯಮವೇ ಹೊರತು ಮಕ್ಕಳ ಅಪರಾಧವಲ್ಲ. ಆದರೆ ಮನೆಗೆ ಹೇಗೆ ಮುಖ ತೋರಿಸಲೆಂದು ಅಂಜಿ, ತಮ್ಮ ಪ್ರಾಣವನ್ನೇ ಕಳೆದುಕೊಳ್ಳುವ ಮಕ್ಕಳ ವಾರ್ತೆಯನ್ನು ವರ್ಷವರ್ಷವೂ ಕೇಳುತ್ತಿರುವೆವು. ಇದಕ್ಕಿಂತ ಘೋರವಾದ ನಷ್ಟವು ಯಾವ ತೋಟಕ್ಕೆ ಆದೀತು?

ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರನ್ನು ಸ್ಮರಿಸಿರಿ. ಅವರು ಮೊದಲು ಇಂಗ್ಲಿಷಿನಲ್ಲಿ ಕವನಗಳನ್ನು ಬರೆದರು. 1922ರಲ್ಲಿ ಆ ಪುಸ್ತಕವೂ ಹೊರಬಂದಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಅದನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ಲೋಕವು ಮೆಚ್ಚುವ ಹಾದಿಯೊಂದು, ಆ ತರುಣನ ಸಹಜಶಕ್ತಿಯ ಹಾದಿ ಮತ್ತೊಂದು ಎಂಬುದನ್ನು ಹಿರಿಯರೊಬ್ಬರು ಗುರುತಿಸಿದುದರ ಫಲವನ್ನು ಕನ್ನಡನಾಡು ಇಂದಿಗೂ ಉಣ್ಣುತ್ತಿರುವುದು. ಎಲ್ಲ ಮಕ್ಕಳೂ ಮಹಾಕವಿಗಳಾಗರು, ನಿಜ. ಆದರೆ ಎಲ್ಲ ಮಕ್ಕಳಿಗೂ ತಮ್ಮದೇ ಆದ ಹಾದಿಯೊಂದಿರುವುದು.

ಹಾಗಾದರೆ ಏನನ್ನೂ ನಿರೀಕ್ಷಿಸಬಾರದೆ ಎಂದು ಕೇಳುವಿರಿ. ಸರ್ವಥಾ ಹಾಗಲ್ಲ. ಕೂಲಿಯವರ ಮಗುವಿಗೆ ಓದೇಕೆ, ಹೆಣ್ಣುಮಗುವಿಗೆ ಇಷ್ಟು ಸಾಕು ಎನ್ನುವ ಅಲ್ಪನಿರೀಕ್ಷೆಯೂ ಮಗುವನ್ನು ಕುಗ್ಗಿಸುವುದು. ನಿರೀಕ್ಷೆಯನ್ನು ಎಲ್ಲಿಡಬೇಕೆಂಬುದೇ ಪ್ರಶ್ನೆ. ಸತ್ಯ, ಶ್ರಮ, ದಿನದ ಪಾಠವನ್ನು ಅಂದೇ ಓದುವ ನಿಯಮ, ಇವು ಮಗುವಿನ ಕೈಯಲ್ಲಿರುವುವು. ಇವನ್ನು ದೃಢವಾಗಿ ಕೇಳಿರಿ. ಅಂಕ, ಸ್ಥಾನ, ಸಂಬಳಗಳು ಪೂರ್ಣವಾಗಿ ಅದರ ಕೈಯಲ್ಲಿಲ್ಲ. ಅವನ್ನು ಹಾರೈಸಿರಿ, ಸಾಲದಂತೆ ವಸೂಲು ಮಾಡಬೇಡಿರಿ. ನೆರೆಮನೆಯ ಮಗುವಿನೊಡನೆ ಹೋಲಿಸದೆ, ಮಗುವಿನ ನಿನ್ನೆಯೊಡನೆ ಅದರ ಇಂದನ್ನು ಹೋಲಿಸಿರಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಮಠದಲ್ಲಿ ತಲೆದೂಗಿ, ಮನೆಗೆ ಹೋಗಿ ಮಗನ ಮರಗೆಲಸವನ್ನು ಹೀನವೆಂದರೆ ಆ ತಲೆದೂಗಿದುದು ವ್ಯರ್ಥ.

ಕೊನೆಯದಾಗಿ ಒಂದು ಕರ್ತವ್ಯ. ಫಲಿತಾಂಶವು ಬರುವುದಕ್ಕೆ ಮೊದಲೇ ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು, ‘ಏನೇ ಆಗಲಿ, ಇದು ನಿನ್ನ ಮನೆ’ ಎಂದು ಬಾಯಿಬಿಟ್ಟು ಹೇಳಿರಿ. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಲಾಯಿತು. ಸರ್ಕಾರವೇ ಮತ್ತೊಮ್ಮೆ ಬರೆಯೆನ್ನುವಾಗ, ಹೆತ್ತವರು ಒಂದೇ ಸೋಲಿಗೆ ಬಾಗಿಲು ಹಾಕುವುದು ಯುಕ್ತವೆ? ಇದನ್ನು ಮನೆಮನೆಯಲ್ಲಿಯೂ ಆಲೋಚಿಸಬೇಕೆಂದು ಬಿನ್ನವಿಸಿ ವಿರಮಿಸುವೆನು.