ಕಾಶಿಗೂ ಊರಿಗೂ ಎಷ್ಟು ದೂರ?

(ಕಾಶಿಯ ಜಂಗಮವಾಡಿಯಲ್ಲಿ ಸೇರಿದ್ದ ಹೊರನಾಡ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಊರಿಗೂ ಕಾಶಿಗೂ ಎಷ್ಟು ದೂರವೆಂದು ಮಕ್ಕಳು ಕೇಳಿದರೆ ಇಂದು ಉತ್ತರ ಸುಲಭ. ಆಕಾಶಮಾರ್ಗದಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಸುಮಾರು 1,460 ಕಿ.ಮೀ. ನೇರ ವಿಮಾನಕ್ಕೆ ಹೆಚ್ಚುಕಡಿಮೆ ಎರಡೂವರೆ ಗಂಟೆ. ಆದರೆ ಈ ಲೆಕ್ಕ ದೇವನಹಳ್ಳಿಯಿಂದ ಬಾಬತ್‌ಪುರಕ್ಕೆ ಮಾತ್ರ ಸಲ್ಲುತ್ತದೆ. ಒಂದು ಮನೆಯ ಹೊಸ್ತಿಲಿನಿಂದ ಇನ್ನೊಂದು ಮನೆಯ ಹೊಸ್ತಿಲಿಗಲ್ಲ.

ನಾವು ಕುಳಿತಿರುವ ಈ ಮಠ ಪಂಚಪೀಠಗಳಲ್ಲಿ ಒಂದು. ಹುಮಾಯೂನನಿಂದ ಔರಂಗಜೇಬನವರೆಗಿನ ಮೊಗಲ್ ದೊರೆಗಳ ಫರ್ಮಾನುಗಳು ಇಲ್ಲಿ ಉಳಿದಿವೆ. ಆ ಕಾಲದಲ್ಲಿ ಕನ್ನಡನಾಡಿನಿಂದ ಬಂದವರು ನಡೆದೇ ಬಂದವರು. ದಿನಕ್ಕೆ 25 ಕಿ.ಮೀ. ನಡೆದರೂ ಬೆಂಗಳೂರಿನಿಂದ ಇಲ್ಲಿಗೆ ಎಪ್ಪತ್ತು ದಿನ ಬೇಕು. ಹೊರಟವರು ಮರಳುವರೆಂಬ ಭರವಸೆ ಮನೆಯವರಿಗಿರಲಿಲ್ಲ. ಆಮೇಲೆ ರೈಲು ಬಂದಿತು. ಎಪ್ಪತ್ತು ದಿನ ಎರಡು ದಿನವಾಯಿತು. ಕಾಶಿಯಿಂದ ಹೊರಟು ನಾಗಪುರ, ಹೈದರಾಬಾದು, ಬೆಂಗಳೂರುಗಳ ಮೂಲಕ ಕನ್ಯಾಕುಮಾರಿ ಸೇರುತ್ತಿದ್ದ ಏಳನೆಯ ರಾಷ್ಟ್ರೀಯ ಹೆದ್ದಾರಿ, 2010ರಲ್ಲಿ ಸಂಖ್ಯೆಗಳು ಬದಲಾಗುವವರೆಗೆ, ನಮ್ಮನ್ನು ಊರಿಗೆ ಕಟ್ಟಿದ ಒಂದೇ ದಾರವಾಗಿತ್ತು.

ನನ್ನದೇ ಮಾತು ಹೇಳುವುದಕ್ಕೆ ಕ್ಷಮೆಯಿರಲಿ. 1987ರಲ್ಲಿ ಗದಗ ಸೀಮೆಯ ನಮ್ಮ ಹಳ್ಳಿಯಲ್ಲಿ ತಂದೆಯವರು ತೀರಿಕೊಂಡರು. ತಂತಿ ನನ್ನ ಕೈಸೇರಿದ್ದು ಮೂರನೆಯ ದಿನ. ನಾನು ಮನೆ ಮುಟ್ಟಿದ್ದು ಆರನೆಯ ದಿನ. 2019ರಲ್ಲಿ ಅವ್ವ ಹೋದಳು. ಬೆಳಗಿನ ಆರಕ್ಕೆ ದೂರವಾಣಿ ಬಂದಿತು. ಮಧ್ಯಾಹ್ನದ ವಿಮಾನ ಹಿಡಿದೆ. ಹಾರಾಟ ಎರಡೂವರೆ ಗಂಟೆಯದೇ. ಆದರೆ ವಿಮಾನಕ್ಕೆ ಕಾದದ್ದು, ದೇವನಹಳ್ಳಿಯಿಂದ ಕಾರಿನಲ್ಲಿ ರಾತ್ರಿಯೆಲ್ಲ ಹೋದದ್ದು ಕೂಡಿ, ಹಳ್ಳಿ ಸೇರುವಾಗ ಒಂದು ಗಂಟೆ ಮೀರಿತ್ತು. ಸಂಜೆಯೇ ಮಣ್ಣು ಕೊಟ್ಟಿದ್ದರು. ಆರು ದಿನ ಹತ್ತೊಂಬತ್ತು ಗಂಟೆಗೆ ಇಳಿದಿತ್ತು. ಮುಖ ಮಾತ್ರ ಎರಡು ಸಲವೂ ಕಾಣಲಿಲ್ಲ.

ಅಂದು ತಮ್ಮ ಕೇಳಿದ ಒಂದು ಮಾತು ಇಂದಿಗೂ ಚುಚ್ಚುತ್ತದೆ: "ಅಣ್ಣಾ, ವಿಮಾನ ಇವತ್ತs ಶುರುವಾತೇನು?" ಅವ್ವ ಬದುಕಿದ್ದಾಗಲೂ ಅದೇ ವಿಮಾನ ಹಾರುತ್ತಿತ್ತು. ಎರಡೂವರೆ ಗಂಟೆಯ ದಾರಿಯೆಂದು ಎಲ್ಲರಿಗೂ ಹೇಳುತ್ತ ನಾನು ಮೂರು ವರ್ಷ ಹೋಗಿರಲಿಲ್ಲ. ದೂರವಿದ್ದಾಗ ಹೋಗಲಾಗದ ಸಂಕಟವಿತ್ತು. ಹತ್ತಿರವಾದ ಮೇಲೆ ನಾಳೆ ಹೋದರಾಯಿತೆಂಬ ಉದಾಸೀನ ಬಂದಿತು.

ಆದ್ದರಿಂದ ನನ್ನ ಬಿನ್ನಹ ಎರಡು. ಹೊರಡುವ ದಿನವೇ ಕೊಳ್ಳುವ ಟಿಕೇಟಿನ ಬೆಲೆ ನಮ್ಮಲ್ಲಿ ಅನೇಕರ ಕೈಗೆಟುಕದು. ಸಾವುನೋವಿನ ಕರೆ ಬಂದವರಿಗೆ ಕೂಡಲೇ ಸಾಲವಾಗಿ ಕೊಡಲು ಸಂಘವು ಒಂದು ಸಣ್ಣ ನಿಧಿಯನ್ನು ಕೂಡಿಸಲಿ. ಮೊದಲ ಕಾಣಿಕೆ ನನ್ನದು. ಎರಡನೆಯದಕ್ಕೆ ನಿಧಿ ಬೇಡ. ಹೆತ್ತವರು ಇರುವಾಗಲೇ, ಕರೆ ಬರುವ ಮೊದಲೇ, ಮಕ್ಕಳನ್ನು ಕರೆದುಕೊಂಡು ಒಮ್ಮೆ ಊರಿಗೆ ಹೋಗಿಬನ್ನಿ. ರೈಲಿನಲ್ಲಾದರೂ ಸರಿ.