ಮಗುವಿನ ಲೋಟಕ್ಕೂ ಅಷ್ಟೇ ಎಚ್ಚರ
ಜುಗೂಳದ ತಾಯಂದಿರೇ, ಸಹೋದರಿಯರೇ,

ಸಂಘಕ್ಕೆ ಹಾಲು ಹಾಕುವ ಮುನ್ನ ನೀವು ಕೆಚ್ಚಲು ತೊಳೆಯುತ್ತೀರಿ, ಪಾತ್ರೆ ತಿಕ್ಕುತ್ತೀರಿ, ಹೊತ್ತು ಮೀರದಂತೆ ಓಡುತ್ತೀರಿ. ಅಲ್ಲಿ ನಿಮ್ಮ ಹಾಲಿನ ಪರೀಕ್ಷೆ ನಡೆಯುತ್ತದೆ. ಮನೆಯಲ್ಲಿ ಮಗುವಿನ ಲೋಟವನ್ನು ಪರೀಕ್ಷಿಸುವವರು ಯಾರು? ನೀವೇ.

ನಿಮ್ಮದು ಕೃಷ್ಣೆಯ ದಂಡೆಯ ಊರು. 2005 ಮತ್ತು 2019ರಲ್ಲಿ ಹೊಳೆಗೆ ಮಹಾಪೂರ ಬಂದುದು ನಿಮಗೆ ನೆನಪಿದೆ. ನೀರು ಕೆಟ್ಟಾಗ ಬೇಗನೆ ಹಾಸಿಗೆ ಹಿಡಿಯುವವರು ಸಣ್ಣ ಮಕ್ಕಳು. ಆದ್ದರಿಂದ ಎಷ್ಟೇ ಕೆಲಸವಿದ್ದರೂ ಈ ನಾಲ್ಕು ಮಾತು ಮರೆಯಬೇಡಿರಿ.

ಒಂದು, ಸಗಣಿ ಬಳಿದ, ಹಾಲು ಹಿಂಡಿದ ಕೈಯನ್ನು ಸಾಬೂನು ಹಚ್ಚಿ ತೊಳೆದೇ ಮಗುವಿಗೆ ಉಣಿಸಿರಿ.

ಎರಡು, ಕುಡಿಯುವ ನೀರನ್ನು ಕುದಿಸಿ, ಆರಿಸಿ, ಮುಚ್ಚಿಡಿರಿ. ಹಿಡಿಕೆಯಿರುವ ಪಾತ್ರೆಯಿಂದಲೇ ತೆಗೆಯಿರಿ, ಕೈ ಅದ್ದಬೇಡಿರಿ.

ಮೂರು, ವರ್ಷ ದಾಟಿದ ಮಕ್ಕಳ ಪಾಲಿನ ಹಾಲನ್ನು ಡೇರಿಗೆ ಹೋಗುವ ಮೊದಲೇ ತೆಗೆದಿಟ್ಟು, ಉಕ್ಕಿಸಿ ಕುಡಿಸಿರಿ. ಅದರ ಬದಲು ಚಹಾ ಬೇಡ. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೊಂದೇ ಸಾಕು.

ನಾಲ್ಕು, ಭೇದಿಯಾದರೆ ಓ.ಆರ್.ಎಸ್. ಕುಡಿಸಿರಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಚಹಾ ಚಮಚದಿಂದ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ಉಪ್ಪು ಹೆಚ್ಚಾಗಬಾರದು. ಎದೆಹಾಲು, ಊಟ ನಿಲ್ಲಿಸಬೇಡಿರಿ.

ಮಗು ಮಂಕಾದರೆ, ಕಣ್ಣು ಒಳಗೆ ಹೋದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ದವಾಖಾನೆಗೆ ಹೊರಡಿರಿ. ಅಂದು ಡೇರಿಗೆ ಮನೆಯ ಗಂಡಸರು ಹೋಗಲಿ. ಒಂದು ಹೊತ್ತಿನ ಹಾಲು ತಪ್ಪಿದರೆ ನಾಳೆ ಹಾಕಬಹುದು. ಮಗುವಿನ ವಿಷಯದಲ್ಲಿ ನಾಳೆ ಎನ್ನಬೇಡಿರಿ.